ಅಬುಲ್ ಕಾಸಿಮ್ ಝಹ್ರಾವಿ: ಶಸ್ತ್ರಕ್ಕೆ ಮುನ್ನ ಸೂಜಿ

ವೈದ್ಯನ ಕೈಯಲ್ಲಿರುವ ಶಸ್ತ್ರವು ಜೀವ ಉಳಿಸಬಲ್ಲದು, ಜೀವ ತೆಗೆಯಲೂ ಬಲ್ಲದು. ಸಾವಿರ ವರ್ಷಗಳ ಹಿಂದೆ ಈ ಸತ್ಯವನ್ನು ಕಣ್ಣಾರೆ ಕಂಡು, ಶಿಷ್ಯರಿಗಾಗಿ ಬರೆದಿಟ್ಟು ಹೋದ ಮಹಾನ್ ವೈದ್ಯರು ಅಬುಲ್ ಕಾಸಿಮ್ ಝಹ್ರಾವಿ. ಯುರೋಪಿನವರು ಅವರನ್ನು ಅಲ್ಬುಕಾಸಿಸ್ ಎಂದು ಕರೆದರು.

ಝಹ್ರಾವಿಯವರು ಹುಟ್ಟಿದ್ದು ಕ್ರಿ.ಶ. 936ರ ಸುಮಾರಿಗೆ, ಮುಸ್ಲಿಮ್ ಸ್ಪೇನಿನ ರಾಜಧಾನಿ ಕುರ್ತುಬಾದ ಬಳಿಯ ಮದೀನತುಝ್ಝಹ್ರಾದಲ್ಲಿ. ಆ ಕಾಲಕ್ಕೇ ಖಲೀಫ ಮೂರನೇ ಅಬ್ದುರ್ರಹ್ಮಾನ್ ಆ ನಗರವನ್ನು ಕಟ್ಟಿಸಲಾರಂಭಿಸಿದ್ದರು. ಝಹ್ರಾವಿಯವರ ಮನೆತನದ ಮೂಲ ಮದೀನಾದ ಅನ್ಸಾರರಲ್ಲಿತ್ತು. ಅವರ ಖಾಸಗಿ ಬದುಕಿನ ಕುರಿತು ಚರಿತ್ರೆಕಾರರು ಬರೆದಿಟ್ಟದ್ದು ಅತ್ಯಲ್ಪ. ಅವರನ್ನು ನಾವು ಅರಿಯುವುದು ಅವರ ಗ್ರಂಥದ ಮೂಲಕವೇ.

ಆ ಗ್ರಂಥದ ಹೆಸರು ಅತ್ತಸ್ರೀಫ್. ಅದರಲ್ಲಿ 30 ಭಾಗಗಳಿವೆ. ಸುಮಾರು ಅರ್ಧ ಶತಮಾನದ ಅನುಭವವನ್ನು ಧಾರೆಯೆರೆದು ಕ್ರಿ.ಶ. 1000ದ ಹೊತ್ತಿಗೆ ಅವರು ಅದನ್ನು ಪೂರ್ಣಗೊಳಿಸಿದರು. ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಬರೆ ಹಾಕುವುದು, ಕೊಯ್ಯುವುದು, ಮೂಳೆ ಕೂಡಿಸುವುದು ಎಂದು ಅದನ್ನು ಮೂರಾಗಿ ವಿಂಗಡಿಸಿ, ಸುಮಾರು 200 ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದಾರೆ.

ಈ ಭಾಗದ ಪೀಠಿಕೆಯಲ್ಲಿಯೇ ಒಂದು ಮನ ಕಲಕುವ ಘಟನೆಯಿದೆ. ಒಬ್ಬ ಅಜ್ಞಾನಿ ವೈದ್ಯ ಮಹಿಳೆಯೊಬ್ಬಳ ಕತ್ತಿನ ಗಡ್ಡೆಯನ್ನು ಕೊಯ್ದ. ಒಳಗೇನಿದೆ ಎಂದು ತಿಳಿಯದೆ ರಕ್ತನಾಳಗಳನ್ನೇ ಕತ್ತರಿಸಿಬಿಟ್ಟ. ರಕ್ತ ಹರಿದು ಆಕೆ ಅವನ ಮುಂದೆಯೇ ಪ್ರಾಣ ಬಿಟ್ಟಳು. ಇದನ್ನು ಕಂಡ ಝಹ್ರಾವಿಯವರು ಶರೀರ ರಚನೆಯನ್ನು ಅರಿಯದವನು ಶಸ್ತ್ರ ಹಿಡಿಯಲೇಬಾರದೆಂದು ವಿಧಿಸಿದರು. ಗಂಟಲಿನ ಗಡ್ಡೆಯ ಕುರಿತು ಬರೆಯುವಾಗ, ಮೊದಲು ಸೂಜಿಯಂಥ ಸಲಕರಣೆಯಿಂದ ಒಳಗನ್ನು ಶೋಧಿಸಬೇಕು, ರಕ್ತನಾಳಕ್ಕೆ ಅಂಟಿಕೊಳ್ಳದ ಚಿಕ್ಕ ಗಂಟಾದರೆ ಮಾತ್ರ ಕೊಯ್ಯಬೇಕು ಎಂದು ತಿಳಿಸಿದರು. ಕತ್ತಿನ ಗಂಟುಗಳನ್ನು ಬಿಡಿಸುವಾಗ ನಾಳವೂ ನರವೂ ಕತ್ತರಿಸಿ ಹೋಗದಂತೆ ಎಚ್ಚರವಹಿಸಲು ಹೇಳಿದರು. ಹಳೆಯದಾಗಿ ಬೆಳೆದ ಕ್ಯಾನ್ಸರನ್ನು ತಾವು ಗುಣಪಡಿಸಿದ್ದೂ ಇಲ್ಲ, ಬೇರೆಯವರು ಗುಣಪಡಿಸಿದ್ದನ್ನು ಕಂಡದ್ದೂ ಇಲ್ಲ ಎಂದು ಪ್ರಾಮಾಣಿಕವಾಗಿ ಬರೆದರು.

ಅವರ ಕಾಲದಲ್ಲಿ ಸೂಕ್ಷ್ಮದರ್ಶಕವಿರಲಿಲ್ಲ. ಸೂಜಿಯ ತುದಿಗೆ ತಾಗಿದ್ದಷ್ಟೇ ಅವರಿಗೆ ತಿಳಿಯುತ್ತಿತ್ತು. ಸೂಜಿಯಲ್ಲಿ ಬಂದ ಜೀವಕೋಶಗಳನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ನೋಡುವ ವಿದ್ಯೆ ಬಹಳ ಶತಮಾನಗಳ ನಂತರ ಬಂತು. ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ ಎಂಬವರು 1930ರಲ್ಲಿ ಇದರ ಕುರಿತು ಪ್ರಕಟಿಸಿದರು. ಇಂದು ಆಸ್ಪತ್ರೆಗಳಲ್ಲಿ ಎಫ್‌ಎನ್‌ಎಸಿ ಎನ್ನುವುದು ಇದನ್ನೇ.

ಈ ಪರೀಕ್ಷೆಯ ಬೆಲೆ ತಿಳಿಯಬೇಕಾದರೆ ನರದ ಹೊದಿಕೆಯಲ್ಲಿ ಏಳುವ ಅಪರೂಪದ ಗಂಟುಗಳನ್ನು ನೋಡಬೇಕು. ನರದ ಎಳೆಗಳನ್ನು ಸುತ್ತಿಕೊಂಡಿರುವ ಜೀವಕೋಶಗಳನ್ನು ಗುರುತಿಸಿದವರು ಜರ್ಮನಿಯ ಥಿಯೋಡರ್ ಶ್ವಾನ್ (1810-1882). ಅವುಗಳಿಂದ ಬೆಳೆಯುವ ಗಂಟಿಗೆ ಶ್ವಾನೋಮಾ ಎಂದು ಹೆಸರು. ಹೆಚ್ಚಿನವು ನಿರಪಾಯಕಾರಿ. ಕತ್ತು, ತೋಳು, ಕಾಲುಗಳಲ್ಲಿ ಅದು ಸಾಮಾನ್ಯ ಕೊಬ್ಬಿನ ಗಂಟಿನಂತೆಯೇ ತೋರುತ್ತದೆ. ಆದರೆ ಸೂಜಿ ಚುಚ್ಚಿದೊಡನೆ ಕರೆಂಟ್ ಹೊಡೆದಂತೆ ನೋವು ಹರಿದರೆ ವೈದ್ಯರಿಗೆ ನರದ ಸಂಶಯ ಬರುತ್ತದೆ. ಗಾಜಿನ ಮೇಲೆ ಕದಿರಿನಾಕಾರದ ಉದ್ದನೆಯ ಜೀವಕೋಶಗಳು, ಅಲೆಯಂತೆ ಬಾಗಿದ ಕೋಶಕೇಂದ್ರಗಳು ಕಂಡರೆ ಸಂಶಯ ಬಲಗೊಳ್ಳುತ್ತದೆ. ಹೀಗೆ ಮೊದಲೇ ತಿಳಿದರೆ ಶಸ್ತ್ರವೈದ್ಯರು ಅನೇಕ ವೇಳೆ ನರವನ್ನು ಉಳಿಸಿ ಗಂಟನ್ನಷ್ಟೇ ಬಿಡಿಸಬಲ್ಲರು. ತಿಳಿಯದೆ ಕೊಯ್ದರೆ ಗಂಟಿನೊಡನೆ ನರವೂ ಹೋಗಿ ಕೈಯೋ ಕಾಲೋ ಬಲಗುಂದಬಹುದು.

ಸೂಜಿಗೂ ಮಿತಿಯಿದೆ. ಕೆಲವೊಮ್ಮೆ ಸಾಕಷ್ಟು ಜೀವಕೋಶಗಳು ಬರುವುದಿಲ್ಲ. ಕೆಲವೊಮ್ಮೆ ಸಾಧುವೋ ಮಾರಕವೋ ಎಂದು ನಿಶ್ಚಯಿಸಲಾಗದು. ಆಗ ಸ್ಕ್ಯಾನಿಂಗ್, ದೊಡ್ಡ ತುಣುಕಿನ ಬಯಾಪ್ಸಿ ಮತ್ತು ವಿಶೇಷ ಬಣ್ಣದ ಪರೀಕ್ಷೆಗಳು ಬೇಕಾಗುತ್ತವೆ. ಕುಷ್ಠರೋಗದಿಂದ ಊದಿಕೊಂಡ ನರವೂ ಗಡ್ಡೆಯಂತೆ ತೋರುವುದುಂಟು. ಅದರಲ್ಲಿ ರೋಗಾಣುಗಳು ಕಂಡುಬಂದರೆ ಮುಖ್ಯವಾಗಿ ಬೇಕಾದದ್ದು ಔಷಧಿ.

ನಮ್ಮ ಭೀಮರಾಯನಗುಡಿ, ಶಹಾಪುರ, ಸುರಪುರದ ಕಡೆ ಮೈಮೇಲೆ ಗಂಟೆದ್ದರೆ ಬರೆ ಹಾಕಿಸುವವರು, ಪರಿಚಯದವರಿಂದ ಕೊಯ್ಯಿಸಿಕೊಳ್ಳುವವರು ಇನ್ನೂ ಇದ್ದಾರೆ. ಸೂಜಿ ಚುಚ್ಚಿದರೆ ಗಂಟು ಕೆರಳಿ ಕ್ಯಾನ್ಸರ್ ಆಗುತ್ತದೆಂದು ಹೆದರುವವರೂ ಇದ್ದಾರೆ. ನಿರಪಾಯಕಾರಿ ಗಂಟು ಸೂಜಿ ಚುಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಆಗುವುದಿಲ್ಲ. ಬೆಳೆಯುತ್ತಿರುವ, ನೋಯುವ, ಮುಟ್ಟಿದರೆ ಜುಮ್ಮೆನ್ನುವ ಗಂಟನ್ನು ತಜ್ಞರಿಗೆ ತೋರಿಸಲು ಕಲಬುರಗಿಯವರೆಗೆ ಹೋಗಬೇಕಾಗಿ ಬಂದರೂ ಆ ಪ್ರಯಾಣ ವ್ಯರ್ಥವಲ್ಲ. ಶರೀರವು ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್ತು. ತಿಳಿಯದವರ ಕೈಗೆ ಅದನ್ನು ಒಪ್ಪಿಸುವುದು ಅಮಾನತ್ತಿನ ರಕ್ಷಣೆಯಾಗದು.

ಝಹ್ರಾವಿಯವರ ಕೊನೆಗಾಲದಲ್ಲಿ ಕುರ್ತುಬಾ ಅಂತಃಕಲಹಕ್ಕೆ ಸಿಲುಕಿತು. ಮದೀನತುಝ್ಝಹ್ರಾ ಸೂರೆಯಾಯಿತು. 1013ರ ಸುಮಾರಿಗೆ ಅವರು ಇಹಲೋಕ ತ್ಯಜಿಸಿದರು. ಆದರೆ ಅವರ ಗ್ರಂಥ ಉಳಿಯಿತು. ಶಸ್ತ್ರಚಿಕಿತ್ಸೆಯ ಭಾಗವನ್ನು 12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಲ್ಯಾಟಿನ್ ಭಾಷೆಗೆ ಅನುವಾದಿಸಿದರು. ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಅದನ್ನು ಓದಿ ಕಲಿತರು. ಆ ಮಹಿಳೆಯ ಹೆಸರು ಯಾರಿಗೂ ತಿಳಿಯದು. ಅವಳ ಸಾವಿನಿಂದ ಒಬ್ಬ ವೈದ್ಯರು ಕಲಿತ ಪಾಠ ಮಾತ್ರ ಎಷ್ಟೋ ಜೀವಗಳನ್ನು ಕಾಯಿತು.