ಯಲ್ಲಾಪ್ರಗಡ ಸುಬ್ಬರಾವ್

ಆಂಧ್ರದ ಭೀಮವರಂನಲ್ಲಿ 1895ನೆಯ ಜನವರಿ 12ರಂದು ಯಲ್ಲಾಪ್ರಗಡ ಸುಬ್ಬರಾವ್ ಜನಿಸಿದರು. ಬಾಲ್ಯದಲ್ಲಿ ಅವರಿಗೆ ಓದು ರುಚಿಸಲಿಲ್ಲ. ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಕಾಶಿಯತ್ತ ಓಡಿಹೋಗಲು ಹೊರಟಿದ್ದ ಹುಡುಗನನ್ನು ಮನೆಯವರು ಹಿಂದಕ್ಕೆ ಕರೆತಂದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದದ್ದು ಮೂರನೆಯ ಪ್ರಯತ್ನದಲ್ಲಿ.

ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಅವರು ಖಾದಿ ತೊಟ್ಟರು. ಇದು ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಪೂರ್ಣ ಪದವಿಯ ಬದಲು ಕೆಳದರ್ಜೆಯ ಪ್ರಮಾಣಪತ್ರವಷ್ಟೇ ದೊರೆಯಿತು. ಸ್ಪ್ರೂ ಎಂಬ ಕರುಳಿನ ಬೇನೆಗೆ ಇಬ್ಬರು ಸೋದರರು ಬಲಿಯಾದುದು ಅವರ ಮನಸ್ಸಿನಲ್ಲಿ ಮಾಯದ ಗಾಯವಾಗಿ ಉಳಿಯಿತು.

ಮುಂದೆ ಸುಬ್ಬರಾಯರು ಅಮೆರಿಕೆಗೆ ತೆರಳಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಿಸ್ಕೆ ಅವರೊಡನೆ ದುಡಿದು, ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 1940ರಲ್ಲಿ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ನೇತೃತ್ವದ ತಂಡವು 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸೋದರರನ್ನು ಕಸಿದುಕೊಂಡಿದ್ದ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು.

ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅವರಿಗೆ ಒಂದು ಸಂಗತಿ ಕಂಡುಬಂದಿತ್ತು. ರಕ್ತದ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಫೋಲಿಕ್ ಆಮ್ಲವು ರೋಗವನ್ನು ಇನ್ನಷ್ಟು ಕೆರಳಿಸುತ್ತಿತ್ತು. ಹಾಗಾದರೆ ಆ ಆಮ್ಲವನ್ನು ತಡೆಯುವ ವಸ್ತುವೇ ಮದ್ದಾಗಬಾರದೇಕೆ? ಸುಬ್ಬರಾಯರ ತಂಡ ಅಂಥ ವಸ್ತುಗಳನ್ನು ತಯಾರಿಸಿಕೊಟ್ಟಿತು. ಅವುಗಳಲ್ಲಿ ಒಂದಾದ ಅಮಿನೊಪ್ಟೆರಿನ್ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರೆಂದು 1948ರಲ್ಲಿ ಫಾರ್ಬರ್ ವರದಿ ಮಾಡಿದರು. ಸಾವೇ ಗತಿಯೆನಿಸಿದ್ದ ರೋಗ ಮೊದಲ ಬಾರಿಗೆ ಹಿಂಜರಿದಿತ್ತು.

ಆದರೆ ಸಂತೋಷ ಬಹುಕಾಲ ಉಳಿಯಲಿಲ್ಲ. ಕೆಲವೇ ತಿಂಗಳುಗಳಲ್ಲಿ ರೋಗ ಮರುಕಳಿಸುತ್ತಿತ್ತು. ಮದ್ದು ತಡೆಹಿಡಿಯುವ ಕಿಣ್ವವನ್ನು ರೋಗಕೋಶಗಳು ಹೆಚ್ಚಾಗಿ ತಯಾರಿಸಿಕೊಳ್ಳುತ್ತವೆ. ಇಲ್ಲವೇ ಮದ್ದು ಒಳನುಗ್ಗದಂತೆ ಬಾಗಿಲು ಮುಚ್ಚುತ್ತವೆ. ಈ ಗುಟ್ಟು ಬಯಲಾಗುವ ಮುನ್ನವೇ, 1948ರ ಆಗಸ್ಟ್ ತಿಂಗಳಲ್ಲಿ, 53ನೆಯ ವಯಸ್ಸಿನಲ್ಲಿ ಸುಬ್ಬರಾಯರು ಹೃದಯಾಘಾತದಿಂದ ನಿಧನರಾದರು.

ಅವರು ತೊಡಗಿದ ಕಾರ್ಯ ನಿಲ್ಲಲಿಲ್ಲ. ಒಂದು ಮದ್ದಿಗೆ ಬಗ್ಗದ ಕೋಶ ಮತ್ತೊಂದಕ್ಕೆ ಬಗ್ಗೀತೆಂಬ ನಂಬಿಕೆಯಿಂದ, 1960ರ ದಶಕದಲ್ಲಿ ವೈದ್ಯರು ನಾಲ್ಕು ಮದ್ದುಗಳನ್ನು ಒಟ್ಟಿಗೆ ಪ್ರಯೋಗಿಸಿದರು. ಅವುಗಳಲ್ಲಿ ಒಂದು ಸುಬ್ಬರಾಯರ ಪ್ರಯೋಗಶಾಲೆಯ ಕೊಡುಗೆಯಾದ ಮೆಥೊಟ್ರೆಕ್ಸೇಟ್. ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ಈ ರೋಗಕ್ಕೆ ತುತ್ತಾದ ಮಕ್ಕಳಲ್ಲಿ ಬಹುಪಾಲು ಮಂದಿ ಇಂದು ಗುಣಹೊಂದುತ್ತಾರೆ. ಬೆಂಗಳೂರಿನ ಆಸ್ಪತ್ರೆಗಳಲ್ಲಿಯೂ ಎಷ್ಟೋ ಮಕ್ಕಳು ಆ ಮದ್ದನ್ನು ಸೇವಿಸಿ ಮತ್ತೆ ಶಾಲೆಯ ಮೆಟ್ಟಿಲನ್ನು ಹತ್ತುತ್ತಿದ್ದಾರೆ. ಎರಡು ಬಾರಿ ಸೋತ ವಿದ್ಯಾರ್ಥಿಯೊಬ್ಬ ಆ ಮಕ್ಕಳ ಬಾಳಿಗೆ ಬೆಳಕಾದನೆಂಬುದನ್ನು ನಾವು ಮರೆಯಬಾರದು.