ನಮ್ಮ ಘಾಟಿಗಳ ಕೆಳಗೆ ನಿಂತ ಕುದುರೆ ಸವಾರ: ಜಾನ್ ಫ್ಲಾಯ್ಡ್



ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗುವಾಗ ನಾವೆಲ್ಲ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯುತ್ತೇವೆ. ಅಲ್ಲಿಂದ ಪಶ್ಚಿಮಕ್ಕೆ, ಮೋಯಾರ್ ಕಣಿವೆಯ ಕಡೆ, ಇನ್ನೂ ಹಳೆಯ ದಾರಿಯೊಂದಿದೆ. ಅದು ಗಜ್ಜಲಹಟ್ಟಿ ಘಾಟಿ. ಮೈಸೂರಿನ ದಂಡು ಕೊಯಮತ್ತೂರಿನ ಬಯಲಿಗೆ ಇಳಿಯುತ್ತಿದ್ದುದು ಆ ದಾರಿಯಲ್ಲೇ. 1790ರಲ್ಲಿ ಆ ಘಾಟಿಯ ಕೆಳಗೆ ಕಾವಲಿದ್ದ ಇಂಗ್ಲಿಷ್ ಅಶ್ವದಳದ ಅಧಿಕಾರಿ ಜಾನ್ ಫ್ಲಾಯ್ಡ್. ನಮ್ಮ ಎದುರು ಪಕ್ಷದವನಾದರೂ ಇಂದಿನ ನಮ್ಮ ಗಡಿಯ ಕಥೆಯಲ್ಲಿ ಈತನಿಗೂ ಪಾಲಿದೆ.

ಫ್ಲಾಯ್ಡ್ ಹುಟ್ಟಿದ್ದು 1748ರಲ್ಲಿ. ತಂದೆಯೂ ಅಶ್ವದಳದವರೇ, 1759ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಮರುವರ್ಷವೇ, ಹನ್ನೆರಡರ ಹುಡುಗನಾಗಿದ್ದಾಗ, ಮಗನೂ ಅಶ್ವದಳ ಸೇರಿದ. ಎಮ್ಸ್‌ಡಾರ್ಫ್ ಕಾಳಗದಲ್ಲಿ ಏರಿದ್ದ ಕುದುರೆ ಗುಂಡೇಟಿಗೆ ಬಿದ್ದರೂ ಹುಡುಗ ಉಳಿದುಕೊಂಡ. ಕುದುರೆ ಪಳಗಿಸುವ ವಿದ್ಯೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದ ಪೆಂಬ್ರೋಕ್ ಪ್ರಭು ಈತನ ಆಶ್ರಯದಾತ. ಹಾಗಾಗಿ ಫ್ಲಾಯ್ಡ್ ಸವಾರಿಯಲ್ಲಿ ನುರಿತು, ಇತರರಿಗೆ ಸವಾರಿ ಕಲಿಸುವ ಶಿಕ್ಷಕನೂ ಆದ. 1782ರಲ್ಲಿ ಮದ್ರಾಸಿಗೆ ಬಂದಿಳಿದ ಬ್ರಿಟಿಷ್ ಕುದುರೆ ರೆಜಿಮೆಂಟಿಗೆ ಈತನೇ ದಳಪತಿ. ಅಂಥ ರೆಜಿಮೆಂಟು ಇಂಗ್ಲೆಂಡಿನಿಂದ ಭಾರತಕ್ಕೆ ಬಂದದ್ದು ಅದೇ ಮೊದಲು. ಮುಂದೆ ಅದಕ್ಕೆ 19ನೇ ಲೈಟ್ ಡ್ರಾಗೂನ್ಸ್ ಎಂದು ಹೆಸರಾಯಿತು.

ಆಗ ಕೊಯಮತ್ತೂರು ಸೀಮೆ ಮೈಸೂರಿಗೆ ಸೇರಿತ್ತು. 1790ರಲ್ಲಿ ಕಂಪನಿ ಸೇನೆ ಅದನ್ನು ಆಕ್ರಮಿಸಿ, ಫ್ಲಾಯ್ಡ್‌ನನ್ನು ಸತ್ಯಮಂಗಲದಲ್ಲಿ ನಿಲ್ಲಿಸಿತು. ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ್ ಭಾರದ ಸಾಮಾನನ್ನು ಪೂರ್ಣಯ್ಯನವರ ವಶಕ್ಕೆ ಕೊಟ್ಟು ಘಾಟಿಯ ಮೇಲೇ ಬಿಟ್ಟು, ಗಜ್ಜಲಹಟ್ಟಿ ಇಳಿದ. 13ರಂದು ಭವಾನಿ ತೀರದಲ್ಲಿ ಕಾಳಗವಾಯಿತು. ಬೇಲಿಗಳ ನಡುವೆ ಸಿಕ್ಕಿಕೊಂಡ ಮೈಸೂರಿನ ಸವಾರರು ಬಹಳ ಮಂದಿ ಸತ್ತರು. ಮಧ್ಯಾಹ್ನದ ಹೊತ್ತಿಗೆ ಟಿಪ್ಪುವಿನ ಫಿರಂಗಿಗಳ ಮುಂದೆ ಫ್ಲಾಯ್ಡ್‌ನ ದಂಡೂ ನಲುಗಿತು. ಎಳೆಯುವ ಎತ್ತುಗಳು ಸತ್ತಿದ್ದರಿಂದ ಕೆಲವು ಫಿರಂಗಿಗಳನ್ನು ಅಲ್ಲೇ ಬಿಟ್ಟು ಮಾರನೆಯ ದಿನ ಹಿಂದೆ ಸರಿಯಬೇಕಾಯಿತು. ಬೆನ್ನಟ್ಟಿದ ಟಿಪ್ಪು ತನ್ನ ಭಾವಮೈದುನ ಬುರ್ಹಾನುದ್ದೀನನನ್ನು ಕಳೆದುಕೊಂಡ. ಎರಡೂ ಕಡೆಗೆ ಅದು ನಷ್ಟದ ದಿನ.

ಮರುವರ್ಷ ಮಾರ್ಚ್ 6ರಂದು ಬೆಂಗಳೂರಿನ ಹತ್ತಿರ ಫ್ಲಾಯ್ಡ್ ತಪ್ಪು ಮಾಡಿದ. ಟಿಪ್ಪುವಿನ ದಂಡಿನ ಹಿಂಭಾಗ ಕಣ್ಣಿಗೆ ಬಿದ್ದದ್ದೇ ತಡ, ಹಳ್ಳದಿಣ್ಣೆಯ ನೆಲವನ್ನೂ ಲೆಕ್ಕಿಸದೆ ಮುಂದೆ ನುಗ್ಗಿದ. ಮುಖಕ್ಕೆ ಗುಂಡು ತಗುಲಿ ಕುದುರೆಯಿಂದ ಬಿದ್ದ. ದಳ ಚದುರಿತು, ಕುದುರೆಗಳೂ ಬಹಳ ಹೋದವು. ಗಾಯ ಮಾಗಿದ ಮೇಲೆ ಮತ್ತೆ ಕುದುರೆ ಏರಿದ.

1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಅಶ್ವದಳ ನಡೆಸಿದವನೂ ಫ್ಲಾಯ್ಡ್. ಆದರೆ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಈತ ಅಲ್ಲಿರಲಿಲ್ಲ. ಮುತ್ತಿಗೆಯ ಸೇನೆಗೆ ಧಾನ್ಯ ಸಾಲದೆ ಬಂದು, ಬರುತ್ತಿದ್ದ ಧಾನ್ಯದ ಎತ್ತುಗಳಿಗೆ ಕಾವಲಾಗಲು ಕಾವೇರಿಪುರಂ ಘಾಟಿಯ ಕಡೆ ಹೋಗಿದ್ದ. ಕೋಟೆ ಗೆದ್ದ ಹೆಸರು ಬೇರೆಯವರಿಗೆ ಬಂತು. ಯುದ್ಧ ನಡೆಯುವುದು ಕತ್ತಿಯಿಂದಷ್ಟೇ ಅಲ್ಲ, ಹುಲ್ಲು, ಧಾನ್ಯ, ಎತ್ತುಗಳಿಂದಲೂ ಎನ್ನುವುದು ನಮ್ಮ ಘಾಟಿಗಳ ಜನರಿಗೆ ಹೇಳಿಕೊಡಬೇಕಾದ ಮಾತಲ್ಲ.

1800ರಲ್ಲಿ ಫ್ಲಾಯ್ಡ್ ಭಾರತ ಬಿಟ್ಟ. 1816ರಲ್ಲಿ ಬ್ಯಾರೊನೆಟ್ ಪದವಿ ಬಂತು. 1818ರ ಜನವರಿ 10ರಂದು ತೀರಿಕೊಂಡ. ಮಗಳು ಜೂಲಿಯಾ 1820ರಲ್ಲಿ ಮದುವೆಯಾದದ್ದು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ರಾಬರ್ಟ್ ಪೀಲ್‌ರನ್ನು.

ಆ ಯುದ್ಧ ಮಾತ್ರ ನಮ್ಮಲ್ಲಿ ಮುಗಿಯಲಿಲ್ಲ. 1799ರ ಹಂಚಿಕೆಯಲ್ಲಿ ಕೊಯಮತ್ತೂರು ಸೀಮೆ ಮೈಸೂರಿನಿಂದ ಬೇರೆಯಾಗಿ ಕಂಪನಿಗೆ ಹೋಯಿತು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಮರಳಿತು, ತಾಳವಾಡಿ ಮರಳಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂಬ ನಮ್ಮ ದಿನದ ಬದುಕಿನ ಬೇರು ಅಲ್ಲಿದೆ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಈ ಗೆರೆ ಬೆಟ್ಟದಷ್ಟು ಹಳೆಯದಲ್ಲ ಎಂದು ನಮ್ಮ ಮಕ್ಕಳಿಗೆ ತಿಳಿದಿರಲಿ ಎಂದಷ್ಟೇ.

ಗಜ್ಜಲಹಟ್ಟಿ ದಾರಿ ಈಗ ಹುಲಿ ಸಂರಕ್ಷಿತ ಅರಣ್ಯದೊಳಗಿದೆ. ಅನುಮತಿಯಿಲ್ಲದೆ ಯಾರೂ ಹೋಗಬಾರದು. ಆದರೆ ಆ ದಾರಿಯಲ್ಲಿ ಹೇರೆತ್ತು ಹೊಡೆದ ಹಿರಿಯರ ಮಾತು ನಿಮ್ಮ ಮನೆಯಲ್ಲಿ ಉಳಿದಿದ್ದರೆ ಬರೆದಿಟ್ಟು ಸಂಘಕ್ಕೆ ತಲುಪಿಸಿ. ದಂಡನಾಯಕರ ಹೆಸರು ಪುಸ್ತಕಗಳಲ್ಲಿವೆ. ಎತ್ತು ಹೊಡೆದವರ ಹೆಸರು ಇರುವುದು ನಮ್ಮ ಮನೆಗಳಲ್ಲಿ ಮಾತ್ರ.