ಫ್ರೆಡರಿಕ್ ಲಾಂಚೆಸ್ಟರ್

ವಿಜಯಪುರ ಜಿಲ್ಲೆಯು ಸೈಕಲ್ ಪಟುಗಳಿಗೆ ಹೆಸರಾದುದು. ವಿಜಯಪುರ ನಗರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಸೈಕಲ್ಲಿನ ಮೇಲೆ ಭರದಿಂದ ಸಾಗುತ್ತಿರುವ ಹುಡುಗನೊಬ್ಬನು, ದಾರಿಗೆ ಅಡ್ಡಬಂದ ಎಮ್ಮೆಯನ್ನು ಕಂಡು ಥಟ್ಟನೆ ಬ್ರೇಕನ್ನು ಹಿಡಿದನೆನ್ನಿ. ಎರಡು ರಬ್ಬರಿನ ತುಂಡುಗಳು ಗಾಲಿಯ ಬಳೆಯನ್ನು ಎರಡೂ ಬದಿಗಳಿಂದ ಅಮುಕುತ್ತವೆ, ಸೈಕಲ್ಲು ನಿಲ್ಲುತ್ತದೆ. ಅದರಲ್ಲಿದ್ದ ವೇಗ ಎಲ್ಲಿ ಹೋಯಿತು? ಬಳೆಯನ್ನು ಮುಟ್ಟಿ ನೋಡಿದರೆ ಅದು ತುಸು ಬೆಚ್ಚಗಿರುತ್ತದೆ. ಚಲನೆಯ ಶಕ್ತಿಯು ನಾಶವಾಗುವುದಿಲ್ಲ, ಉಷ್ಣವಾಗಿ ಮಾರ್ಪಡುತ್ತದೆ.

ಸೈಕಲ್ಲಿನ ಮಟ್ಟಿಗೆ ಈ ಉಷ್ಣ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆದರೆ ಸಾವಿರ ಕಿಲೊಗ್ರಾಂ ತೂಕದ ಮೋಟಾರು ಗಾಡಿಯೊಂದು ಗಂಟೆಗೆ 144 ಕಿಲೊಮೀಟರ್ ವೇಗದಲ್ಲಿ ಓಡುತ್ತಿದ್ದು ಒಮ್ಮೆಲೆ ನಿಂತರೆ, ಅದರ ಬ್ರೇಕುಗಳಲ್ಲಿ ಹುಟ್ಟುವ ಉಷ್ಣದಿಂದ ಸುಮಾರು ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ವೇಗವು ಇದರ ಅರ್ಧದಷ್ಟಿದ್ದರೆ ಉಷ್ಣವು ಅರ್ಧವಲ್ಲ, ಕಾಲುಭಾಗ ಮಾತ್ರ. ಮೋಟಾರು ಓಟದ ಪಂದ್ಯಗಳಲ್ಲಿ ಬಿರುವೇಗದ ಗಾಡಿಯನ್ನು ತಿರುವು ತಿರುವಿನಲ್ಲಿಯೂ ಹೀಗೆ ತಡೆಯಬೇಕಾಗುತ್ತದೆ. ಬ್ರೇಕನ್ನು ಹೇಗೆ ಕಟ್ಟಬೇಕು, ಅದರ ಬಿಸಿಯನ್ನು ಗಾಳಿಯಿಂದ ಹೇಗೆ ಕಳೆಯಬೇಕು ಎಂಬ ಈ ಎರಡು ವಿದ್ಯೆಗಳಿಗೂ ಬೇಕಾದ ಮೂಲಭೂತ ವಿಚಾರಗಳನ್ನು ಒಬ್ಬನೇ ವ್ಯಕ್ತಿ ಚಿಂತಿಸಿದ್ದನು. ಅವನು ಇಂಗ್ಲೆಂಡಿನ ಫ್ರೆಡರಿಕ್ ವಿಲಿಯಂ ಲಾಂಚೆಸ್ಟರ್.

ಲಾಂಚೆಸ್ಟರನು 1868ನೆಯ ಇಸವಿ ಅಕ್ಟೋಬರ್ 23ರಂದು ಲಂಡನ್ನಿನ ಲೂಯಿಷಂ ಎಂಬಲ್ಲಿ ಜನಿಸಿದನು. ತಂದೆ ವಾಸ್ತುಶಿಲ್ಪಿ, ತಾಯಿ ಲ್ಯಾಟಿನ್ ಭಾಷೆಯನ್ನೂ ಗಣಿತವನ್ನೂ ಬೋಧಿಸಬಲ್ಲ ವಿದುಷಿ. ಎಂಟು ಮಕ್ಕಳ ಆ ಸಂಸಾರದಲ್ಲಿ ಇವನು ನಾಲ್ಕನೆಯವನು. ಮುಂದೆ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ವಿಜ್ಞಾನ ಶಿಕ್ಷಣ ಪಡೆದರೂ ಪದವಿಯೊಂದನ್ನೂ ಗಳಿಸದೆಯೇ ಹೊರಬಂದನು. ಪೇಟೆಂಟ್ ಕಚೇರಿಯಲ್ಲಿ ವಾರಕ್ಕೆ ಮೂರು ಪೌಂಡ್ ಸಂಬಳದ ನಕ್ಷೆಗಾರನಾಗಿ ಕೆಲವು ಕಾಲ ದುಡಿದು, 1889ರಲ್ಲಿ ಬರ್ಮಿಂಗ್‌ಹ್ಯಾಮಿನ ಅನಿಲ ಎಂಜಿನ್ ಕಾರ್ಖಾನೆಯೊಂದನ್ನು ಸೇರಿದನು. ಕೆಲಸದಲ್ಲಿರುವಾಗ ಮಾಡಿದ ಶೋಧಗಳೆಲ್ಲವೂ ಕಂಪನಿಯ ಸ್ವತ್ತು ಎಂಬ ಷರತ್ತು ಅಲ್ಲಿನ ಕರಾರುಪತ್ರದಲ್ಲಿತ್ತು. ಇಪ್ಪತ್ತರ ಹರೆಯದ ಆ ತರುಣನು ಷರತ್ತಿನ ಸಾಲನ್ನು ಹೊಡೆದುಹಾಕಿ, ಅನಂತರವೇ ಸಹಿ ಮಾಡಿದನು! ಹಣದ ವ್ಯವಹಾರದಲ್ಲಿ ಅವನು ತೋರಿದ ಇಂಥ ಜಾಣತನದ ನಿದರ್ಶನಗಳು ಹೆಚ್ಚಿಲ್ಲ.

ಆ ದಿನಗಳಲ್ಲಿ ಮೋಟಾರು ಗಾಡಿಯೆಂದರೆ ಕುದುರೆಯಿಲ್ಲದ ಸಾರೋಟು. ಹಲವರು ಹಳೆಯ ಸಾರೋಟಿಗೇ ಎಂಜಿನ್ನನ್ನು ಬಿಗಿದು ತೃಪ್ತರಾಗುತ್ತಿದ್ದರು. ಲಾಂಚೆಸ್ಟರನಾದರೋ ಪ್ರತಿಯೊಂದು ಭಾಗವನ್ನೂ ಬುಡದಿಂದ ಆಲೋಚಿಸಿ ರಚಿಸಿದನು. 1895ರಲ್ಲಿ ಕಟ್ಟಿದ ಅವನ ಮೊದಲ ಗಾಡಿ ಮರುವರ್ಷ ರಸ್ತೆಗಿಳಿಯಿತು. 1899ರಲ್ಲಿ ಸೋದರರೊಡಗೂಡಿ ತನ್ನ ಹೆಸರಿನ ಕಂಪನಿಯನ್ನು ಸ್ಥಾಪಿಸಿದನು. ಅವನ ಮೊದಮೊದಲ ಗಾಡಿಗಳ ಎಂಜಿನ್ನುಗಳು ನೀರಿನಿಂದಲ್ಲ, ಗಾಳಿಯಿಂದಲೇ ತಂಪಾಗುತ್ತಿದ್ದವು. ಬಿಸಿಯಾದ ಲೋಹದೆಡೆಗೆ ಗಾಳಿಯನ್ನು ಹಾಯಿಸುವ ಉಪಾಯ ಹೀಗೆ ಅವನಿಗೆ ಆರಂಭದಿಂದಲೂ ಪರಿಚಿತವಾಗಿತ್ತು. ಈ ಗಾಡಿಗಳನ್ನು ಮೆಚ್ಚಿ ಕೊಂಡವರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸಾಹಿತಿ ಕಿಪ್ಲಿಂಗನೂ ಇದ್ದನು, ಕ್ರಿಕೆಟ್ ಪಟುವೆಂದು ಲೋಕವಿಖ್ಯಾತನಾದ ನವಾನಗರದ ರಾಜ ರಣಜಿತ್‌ಸಿಂಹನೂ ಇದ್ದನು.

1902ರಲ್ಲಿ ಲಾಂಚೆಸ್ಟರನು ಒಂದು ಹೊಸ ಬ್ರೇಕಿಗೆ ಪೇಟೆಂಟ್ ಪಡೆದನು. ಗಾಲಿಯೊಡನೆ ತಿರುಗುವ ಒಂದು ತೆಳುವಾದ ಲೋಹದ ಬಿಲ್ಲೆ; ಅದನ್ನು ಇಕ್ಕುಳದಂತೆ ಎರಡೂ ಕಡೆಯಿಂದ ಹಿಡಿಯುವ ತುಂಡುಗಳು. ಇಂದು ಡಿಸ್ಕ್ ಬ್ರೇಕು ಎಂದು ಕರೆಯುವ ಸಾಧನದ ರೂಪ ಇದೇ. ಡೋಲಿನಂಥ ಉರುಳೆಯೊಳಗೆ ಅಡಗಿರುವ ಬ್ರೇಕಿನಲ್ಲಿ ಬಿಸಿಯು ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಲ್ಲೆಯಾದರೋ ಬಯಲಿನಲ್ಲಿ ತಿರುಗುತ್ತದೆ, ಅದರ ಎರಡೂ ಮುಖಗಳಿಗೆ ಗಾಳಿ ತಾಗುತ್ತದೆ. ಎಷ್ಟು ಸರಳ, ಎಷ್ಟು ಸಮರ್ಪಕ!

ಆದರೂ ಅದು ಸೋತಿತು. ಬಿಲ್ಲೆಯನ್ನು ಹಿಡಿಯುವ ತುಂಡುಗಳಿಗೆ ತಕ್ಕ ವಸ್ತು ಆಗ ಇರಲಿಲ್ಲ. ಲಾಂಚೆಸ್ಟರನು ತಾಮ್ರವನ್ನು ಬಳಸಿದನು. ಲೋಹಕ್ಕೆ ಲೋಹ ಉಜ್ಜಿದಾಗ ಕಿವಿಗಡಚಿಕ್ಕುವ ಕಿರುಚು ಏಳುತ್ತಿತ್ತು. ಅದಕ್ಕಿಂತ ಮಿಗಿಲಾದ ಶತ್ರು ಧೂಳು. ಬೇಸಗೆಯಲ್ಲಿ ಬಬಲೇಶ್ವರದ ಎರೆಯ ಹೊಲಗಳ ನಡುವಣ ಬಂಡಿಜಾಡಿನಲ್ಲಿ ನಡೆದವರಿಗೆ ಧೂಳೆಂದರೇನೆಂದು ವಿವರಿಸಬೇಕಾಗಿಲ್ಲ. ಅಂದಿನ ಇಂಗ್ಲೆಂಡಿನ ರಸ್ತೆಗಳೂ ಡಾಂಬರು ಕಾಣದವು. ಬಿಲ್ಲೆಯು ಬಯಲಿನಲ್ಲಿದ್ದುದರಿಂದ ಗಾಳಿಯೊಡನೆ ಧೂಳೂ ಬಂದು ಮೆತ್ತಿ ತಾಮ್ರವನ್ನು ಬೇಗನೆ ಸವೆಸಿಬಿಡುತ್ತಿತ್ತು. ಯಾವ ಗುಣದಿಂದ ಆ ಬ್ರೇಕು ಉತ್ತಮವೋ ಅದೇ ಗುಣ ಅದಕ್ಕೆ ಮುಳುವಾಯಿತು. 1904ರಲ್ಲಿ, ಗಾಡಿಗಳಿಗೆ ಬೇಡಿಕೆಯಿದ್ದರೂ ಬಂಡವಾಳ ಸಾಲದೆ, ಕಂಪನಿಯೇ ಸಾಲಗಾರರ ಪರವಾದ ಮೇಲ್ವಿಚಾರಣೆಗೆ ಒಳಗಾಯಿತು. ಬಳಿಕ ಅದು ಹೊಸ ಹೆಸರಿನಿಂದ ಚೇತರಿಸಿಕೊಂಡರೂ ಅದರಲ್ಲಿ ಅವನ ಮಾತು ಹಿಂದಿನಂತೆ ನಡೆಯಲಿಲ್ಲ.

ಲಾಂಚೆಸ್ಟರನ ಇನ್ನೊಂದು ಒಲವು ಗಾಳಿಯ ಹರಿವಿನ ಅಧ್ಯಯನ. 1892ರಲ್ಲಿ ಹಡಗಿನಲ್ಲಿ ಅಮೆರಿಕೆಗೆ ಹೋಗುವಾಗ, ರೆಕ್ಕೆ ಬಡಿಯದೆ ತೇಲುತ್ತಿದ್ದ ಕಡಲಹಕ್ಕಿಗಳನ್ನು ಅವನು ಗಂಟೆಗಟ್ಟಲೆ ನೋಡುತ್ತಿದ್ದನು. ರೆಕ್ಕೆಯ ಮೇಲೂ ಕೆಳಗೂ ಗಾಳಿಯ ಒತ್ತಡ ಹೇಗೆ ಬೇರೆಯಾಗುತ್ತದೆ, ರೆಕ್ಕೆಯ ತುದಿಗಳಲ್ಲಿ ಸುಳಿಗಳು ಹೇಗೆ ಏಳುತ್ತವೆ ಎಂಬುದನ್ನು ಆಲೋಚಿಸಿ ಸಿದ್ಧಾಂತವೊಂದನ್ನು ರೂಪಿಸಿದನು. ವಿಮಾನವಿನ್ನೂ ಹಾರಿರದ 1897ರಲ್ಲಿ ರಾಯಲ್ ಸೊಸೈಟಿಗೆ ಕಳುಹಿಸಿದ ಅವನ ಪ್ರಬಂಧ ತಿರಸ್ಕೃತವಾಯಿತು. 1907 ಮತ್ತು 1908ರಲ್ಲಿ ಆ ವಿಚಾರಗಳನ್ನು ಎರಡು ದೊಡ್ಡ ಗ್ರಂಥಗಳಾಗಿ ಪ್ರಕಟಿಸಿದನು. ತಾನೇ ಕಟ್ಟಿಕೊಂಡ ಪರಿಭಾಷೆಯಲ್ಲಿ ಬರೆದುದರಿಂದ ಅವು ಹಲವರಿಗೆ ಅರ್ಥವಾಗಲಿಲ್ಲ. ಜರ್ಮನಿಯ ಗಟಿಂಗೆನ್ನಿನಲ್ಲಿದ್ದ ಪ್ರಾಂಟ್ಲ್ ಎಂಬ ವಿಜ್ಞಾನಿಗೆ ಅವುಗಳ ಬೆಲೆ ತಿಳಿಯಿತು. ಇಂದು ವಿಮಾನದ ರೆಕ್ಕೆಯ ಸಿದ್ಧಾಂತವು ಈ ಇಬ್ಬರ ಹೆಸರನ್ನೂ ಹೊತ್ತಿದೆ. ಹಿಂದೆ ಬಾಗಿಲು ಮುಚ್ಚಿದ ರಾಯಲ್ ಸೊಸೈಟಿಯು 1922ರಲ್ಲಿ ಅವನನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು.

ಬಿರುದುಗಳು ಬಂದವು, ಸಂಪತ್ತು ಬರಲಿಲ್ಲ. ಡೈಮ್ಲರ್ ಕಂಪನಿಗೆ ಸಲಹೆಗಾರನಾಗಿ ಇಪ್ಪತ್ತು ವರ್ಷಗಳ ಕಾಲ ನಡೆಸಿದ ವೃತ್ತಿ ನಿಂತುಹೋಯಿತು. ಸ್ವಂತ ಪ್ರಯೋಗಾಲಯವನ್ನು ಅನಾರೋಗ್ಯದಿಂದಾಗಿ 1934ರಲ್ಲಿ ಮುಚ್ಚಬೇಕಾಯಿತು. ಕೈಗಳು ಪಾರ್ಕಿನ್‌ಸನ್ ರೋಗದಿಂದ ನಡುಗಿದವು, ಕಣ್ಣುಗಳಿಗೆ ಪೊರೆ ಬಂದಿತು. ವಾಸದ ಮನೆಯನ್ನು ಉಳಿಸಿಕೊಳ್ಳುವುದಕ್ಕೂ ಮೋಟಾರು ಉದ್ಯಮಿಗಳ ಸಂಘದ ನೆರವನ್ನು ಆಶ್ರಯಿಸಬೇಕಾಯಿತು. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮಿನ ತನ್ನ ಮನೆಯಲ್ಲಿ ಅವನು ತೀರಿಕೊಂಡನು. ಅವನಿಗೆ ಮಕ್ಕಳಿರಲಿಲ್ಲ.

ಅವನು ಗತಿಸಿದ ಏಳನೆಯ ವರ್ಷದಲ್ಲಿ, ಎಂದರೆ 1953ರಲ್ಲಿ, ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಓಟ ನಡೆಯಿತು. ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಗಾಡಿಯನ್ನು ರೋಲ್ಟ್ ಮತ್ತು ಹ್ಯಾಮಿಲ್ಟನ್ ಎಂಬುವರು ಸರದಿಯಂತೆ ಓಡಿಸಿದರು. ಉದ್ದನೆಯ ನೇರ ದಾರಿಯ ಕೊನೆಯ ತಿರುವಿನಲ್ಲಿ ಹಳೆಯ ಬ್ರೇಕಿನ ಗಾಡಿಗಳು ದೂರದಿಂದಲೇ ವೇಗ ತಗ್ಗಿಸಬೇಕಾಗಿತ್ತು. ಜಾಗ್ವಾರ್ ಮಾತ್ರ ತಿರುವಿನ ಸಮೀಪದವರೆಗೂ ಅದೇ ವೇಗದಲ್ಲಿ ಬಂದು ಆಮೇಲೆ ತಡೆಯುತ್ತಿತ್ತು. ಗಂಟೆಗೆ ಸರಾಸರಿ 170 ಕಿಲೊಮೀಟರ್ ವೇಗದಿಂದ ಅದು ಗೆದ್ದಿತು. ಬಿಲ್ಲೆಯನ್ನು ಹಿಡಿಯಲು ತಾಮ್ರದ ಬದಲು ಉಷ್ಣವನ್ನು ತಾಳುವ ಹೊಸ ಮಿಶ್ರವಸ್ತುಗಳು ಬಂದಿದ್ದವು, ದಾರಿಯಲ್ಲಿ ಧೂಳಿರಲಿಲ್ಲ.

ವೇಗ ಹೆಚ್ಚುತ್ತ ಹೋದಂತೆ ಬಿಲ್ಲೆಯೂ ಕೆಂಪಗೆ ಕಾಯತೊಡಗಿತು. ಅತಿಯಾಗಿ ಕಾದ ಬ್ರೇಕಿನಲ್ಲಿ ಒತ್ತಡವನ್ನು ಸಾಗಿಸುವ ದ್ರವವು ಕುದಿದು ಆವಿಯಾಗುತ್ತದೆ. ಆವಿಯನ್ನು ಅದುಮಿದರೆ ಅದು ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಮುಂದಕ್ಕೆ ದಾಟಿಸುವುದಿಲ್ಲ. ಚಾಲಕನ ಪಾದದಡಿಯ ಪೆಡಲು ಸುಮ್ಮನೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಇದನ್ನು ತಪ್ಪಿಸಲು ಗಾಡಿಯ ಮುಂಭಾಗದಲ್ಲಿ, ಎದುರುಗಾಳಿಯ ಒತ್ತಡ ಹೆಚ್ಚಾಗಿರುವ ಸ್ಥಳದಲ್ಲಿ, ಒಂದು ಬಾಯಿಯನ್ನು ತೆರೆದು, ಅಲ್ಲಿಂದ ಬಾಗುವ ಕೊಳವೆಯೊಂದನ್ನು ಗಾಲಿಯ ಬಳಿಗೆ ಒಯ್ಯುತ್ತಾರೆ. ಬಿಲ್ಲೆಯು ಈಗ ಒಂಟಿ ಹಲ್ಲೆಯಲ್ಲ; ನಡುವೆ ಗಾಳಿಯಾಡುವ ಸಂದುಗಳುಳ್ಳ ಜೋಡಿ ಹಲ್ಲೆ. ಕೊಳವೆಯ ಗಾಳಿಯನ್ನು ಅದರ ನಡುವಿಗೆ ಬಿಟ್ಟರೆ, ತಿರುಗುವ ಬಿಲ್ಲೆಯು ಆ ಗಾಳಿಯನ್ನು ಸಂದುಗಳ ಮೂಲಕ ಅಂಚಿನಾಚೆಗೆ ಎಸೆಯುತ್ತದೆ, ಬಿಸಿಯೂ ಅದರೊಡನೆ ಹೋಗುತ್ತದೆ. ಒಂದೇ ಮುಖಕ್ಕೆ ಗಾಳಿ ಊದಿದರೆ ಬಿಲ್ಲೆಯು ಒಂದು ಕಡೆ ತಣಿದು ಇನ್ನೊಂದು ಕಡೆ ಕಾದು ಬಿರುಕುಬಿಟ್ಟೀತು.

ಚೆನ್ನೈ ಸಮೀಪದ ಇರುಂಗಾಟ್ಟುಕೋಟೆಯ ಓಟಪಥದಲ್ಲಿಯೂ ಇಂಥ ಕೊಳವೆಗಳನ್ನು ತೊಡಿಸಿದ ಗಾಡಿಗಳು ಓಡುತ್ತವೆ. ಕೊಳವೆಯ ಬಾಯಿ ದೊಡ್ಡದಾದಷ್ಟೂ ಗಾಳಿಯ ತಡೆ ಹೆಚ್ಚಿ ಗಾಡಿಯ ವೇಗ ಕುಂದುತ್ತದೆ. ತೀರ ತಣ್ಣಗಿರುವ ಬ್ರೇಕು ಚೆನ್ನಾಗಿ ಹಿಡಿಯುವುದೂ ಇಲ್ಲ. ಆದುದರಿಂದ ಓಟಕ್ಕೆ ಮುನ್ನ ಕುಶಲಕರ್ಮಿಗಳು ಓಟಪಥದ ತಿರುವುಗಳನ್ನೂ ಆ ದಿನದ ಸೆಖೆಯನ್ನೂ ಗಮನಿಸಿ, ಬಾಯಿಯ ಒಂದು ಭಾಗವನ್ನು ಅಂಟುಪಟ್ಟಿಯಿಂದ ಮುಚ್ಚಿ, ಬೇಕಾದಷ್ಟೇ ಗಾಳಿಯನ್ನು ಒಳಗೆ ಬಿಡುತ್ತಾರೆ.